ಹಾರ್ನ್ ಹೊಸದು, ದನಿ ಹಳೆಯದು

ಕಬ್ಬಿನ ಹಂಗಾಮಿನಲ್ಲಿ ಗಡಹಿಂಗ್ಲಜ–ಸಂಕೇಶ್ವರ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಈ ಪಾಡು ಗೊತ್ತು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಅದರ ಮೇಲೆ ಹಾಡಿನ ಸ್ಪೀಕರ್. ಹಿಂದಿನಿಂದ ಹಳೆಯ ಕಾರಿನ ಸಣ್ಣ ಹಾರ್ನ್ ಎಷ್ಟು ಒತ್ತಿದರೂ ಡ್ರೈವರ್ ಕಿವಿಗೆ ಬೀಳದು. ನಮ್ಮ ಕಾರಿಗೆ ಕೊಲ್ಹಾಪುರದ ಬಿಡಿಭಾಗದ ಅಂಗಡಿಯಿಂದ ಜೋಡಿ ಹಾರ್ನ್ ಬಂದದ್ದು ಇದೇ ಕಾರಣಕ್ಕೆ. ಇಚಲಕರಂಜಿಯ ಒಂದು ಗ್ಯಾರೇಜಿನಲ್ಲಿ ಹಳೆಯ ಹಾರ್ನ್ ಬಿಚ್ಚಿ, ಅದೇ ವೈರುಗಳಿಗೆ ಹೊಸ ಜೋಡಿಯನ್ನು ಸಿಕ್ಕಿಸಿಕೊಟ್ಟರು. ಒತ್ತಿದರೆ ಗಂಟಲು ಕಟ್ಟಿದ ದನಿ! ಹಾರ್ನಿನ ಹಿಂದಿನ ಸ್ಕ್ರೂ ತಿರುವಿ ನೋಡಿದ್ದೂ ಆಯಿತು, ಕೊನೆಗೆ 'ಮಾಲೇ ಡೂಪ್ಲಿಕೇಟ್' ಎಂಬ ತೀರ್ಪೂ ಬಂತು.

ಆ ತೀರ್ಪನ್ನು ಒಪ್ಪದವರು ಗಡಹಿಂಗ್ಲಜದ ಒಬ್ಬ ವೈರಿಂಗ್ ಮಿಸ್ತ್ರಿ. ಗಡಿಯೂರಿನವರು, ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುವವರು. "ಹಾರ್ನಿಗೆ ಆಮ್ಯಾಲ ಬೈಯೂಣ್ರಿ, ಮೊದಲ ಅದಕ್ಕ ಹೊಟ್ಟಿತುಂಬ ಕರೆಂಟ್ ಕೊಟ್ಟ ನೋಡೂಣು" ಎಂದು ಬ್ಯಾಟರಿಯಿಂದ ಎರಡು ದಪ್ಪ ವೈರು ಎಳೆದು ನೇರ ಹಾರ್ನಿಗೆ ಮುಟ್ಟಿಸಿದರು. ಅಕ್ಕಪಕ್ಕದ ಅಂಗಡಿಯವರೆಲ್ಲ ತಿರುಗಿ ನೋಡಿದರು. ಅಲ್ಲಿಗೆ ಹಾರ್ನೂ ಬ್ಯಾಟರಿಯೂ ನಿರಪರಾಧಿಗಳು ಎಂದಾಯಿತು. ಕಳ್ಳ ಇರುವುದು ನಡುವಿನ ದಾರಿಯಲ್ಲಿ.

ಹಾರ್ನಿನ ಹೊಟ್ಟೆಯಲ್ಲಿರುವುದು ಒಂದು ಕಾಯಿಲ್, ಒಂದು ತೆಳು ಉಕ್ಕಿನ ತಟ್ಟೆ, ಒಂದು ಕಾಂಟ್ಯಾಕ್ಟ್. ಕರೆಂಟ್ ಹರಿದೊಡನೆ ಕಾಯಿಲ್ ಅಯಸ್ಕಾಂತವಾಗಿ ತಟ್ಟೆಯನ್ನು ಎಳೆಯುತ್ತದೆ. ಎಳೆದ ತಟ್ಟೆಯೇ ಕಾಂಟ್ಯಾಕ್ಟನ್ನು ಬಿಡಿಸುತ್ತದೆ. ಕರೆಂಟ್ ನಿಂತು ತಟ್ಟೆ ಹಿಂದೆ ಸರಿಯುತ್ತದೆ. ಕಾಂಟ್ಯಾಕ್ಟ್ ಮತ್ತೆ ಕೂಡುತ್ತದೆ. ಜೋಡಿಯಲ್ಲಿ ದಪ್ಪ ದನಿಯದು ಸೆಕೆಂಡಿಗೆ ಸುಮಾರು 400 ಸಲ, ತೆಳು ದನಿಯದು 500 ಸಲ ಹೀಗೆ ಅದುರುತ್ತದೆ. ಸ್ಕ್ರೂ ಇರುವುದು ಆ ಕಾಂಟ್ಯಾಕ್ಟ್ ಬಿಡುವ ಹೊತ್ತನ್ನು ಹೊಂದಿಸಲು. ವೋಲ್ಟೇಜ್ ಕಡಿಮೆ ಬಿದ್ದಾಗ ಸ್ಕ್ರೂ ತಿರುವಿ ದನಿ ತೆಗೆಯಹೋದರೆ, ಮುಂದೆ ಪೂರ್ತಿ ವೋಲ್ಟೇಜ್ ಸಿಕ್ಕ ದಿನ ಕಾಂಟ್ಯಾಕ್ಟ್ ಸುಟ್ಟುಕೊಳ್ಳುವ ಸಂಭವವೇ ಹೆಚ್ಚು.

ಮಿಸ್ತ್ರಿ ಮೀಟರ್ ತೆಗೆದರು. ಹಾರ್ನಿನ ಪ್ಲಗ್ ಕಳಚಿ, ಅದರೊಳಗೆ ಮೀಟರಿನ ಕಡ್ಡಿ ಇಟ್ಟು ಬಟನ್ ಒತ್ತಿಸಿದರು: 12.4 ವೋಲ್ಟ್, ಕೊರತೆಯೇ ಇಲ್ಲ. ಪ್ಲಗ್ ಮತ್ತೆ ಸಿಕ್ಕಿಸಿ, ಹಾರ್ನ್ ಕೂಗುತ್ತಿರುವಾಗಲೇ ಅಳೆದರು: 8.6! ಗುಟ್ಟು ಬಯಲಾದದ್ದು ಇಲ್ಲಿ. ಕರೆಂಟ್ ಹರಿಯದಿದ್ದಾಗ ಎಂಥ ಸವೆದ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹೊರೆ ಬಿದ್ದಾಗಲೇ ಅದರ ಬಂಡವಾಳ ತಿಳಿಯುವುದು. ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಲೆಕ್ಕ ಇದಕ್ಕೆ ಸಾಕು. ಜೋಡಿ ಹಾರ್ನ್ ಕುಡಿಯುವುದು ಸುಮಾರು 8 ಆಂಪಿಯರ್. ದಾರಿಯಲ್ಲಿ ಅರ್ಧ ಓಮ್‌ನಷ್ಟು ಅಡ್ಡಿ ಇದ್ದರೂ 4 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಸಣ್ಣ ಹಾರ್ನಿಗೆಂದು ಹಾಕಿದ ತೆಳು ವೈರು, ಸ್ಟೀರಿಂಗ್ ಒಳಗಿನ ಸವೆದ ಕಾಂಟ್ಯಾಕ್ಟ್, ಬಟನ್ನು ಎಲ್ಲ ಸೇರಿ ಆ ಅಡ್ಡಿಯಾಗಿದ್ದವು.

"ಇಚಲಕರಂಜ್ಯಾಗ ಮಗ್ಗದ ಸ್ಟಾರ್ಟರ್ ನೋಡೀರಿಲ್ರಿ? ಬಟನ್ ಹುಕುಮ್ ಅಷ್ಟ ಕೊಡತೈತಿ, ಮೋಟರಿಗೆ ಕರೆಂಟ್ ಬ್ಯಾರೆ ದಾರೀಲೆ ಹೋಕ್ಕೈತಿ. ಇದಕ್ಕೂ ಹಂಗ ಮಾಡೂಣು" ಎಂದು ಅವರು ಒಂದು ರಿಲೇ ತೆಗೆದರು.

ಈ ಉಪಾಯಕ್ಕೆ ಸುಮಾರು 190 ವರ್ಷದ ವಯಸ್ಸು. ಅಮೆರಿಕದ ಜೋಸೆಫ್ ಹೆನ್ರಿ 1831ರಲ್ಲಿ ಆಲ್ಬನಿಯ ಶಾಲೆಯಲ್ಲಿ ಮೈಲಿಗೂ ಉದ್ದದ ತಂತಿಯ ತುದಿಯಲ್ಲಿ ವಿದ್ಯುತ್ತಿನಿಂದ ಗಂಟೆ ಬಾರಿಸಿ ತೋರಿಸಿದ್ದ. ಉದ್ದ ತಂತಿಯಲ್ಲಿ ಹಾದುಬರುವ ಕರೆಂಟ್ ಗಂಟೆಗೆ ಸಾಕು, ಭಾರ ಎತ್ತುವ ದೊಡ್ಡ ಅಯಸ್ಕಾಂತಕ್ಕೆ ಸಾಲದು. ಪ್ರಿನ್ಸ್‌ಟನ್ನಿಗೆ ಹೋದ ಮೇಲೆ, 1835ರ ಸುಮಾರಿಗೆ, ದಾರಿ ಹೊಳೆಯಿತು: ದೂರದ ಸಣ್ಣ ಕರೆಂಟ್ ಒಂದು ಪುಟ್ಟ ಅಯಸ್ಕಾಂತವನ್ನಷ್ಟೇ ಅಲುಗಿಸಲಿ; ಅದು ಪಕ್ಕದಲ್ಲೇ ಇರುವ ಬಲವಾದ ಬ್ಯಾಟರಿಯ ದಾರಿಯನ್ನು ತೆರೆದು ಮುಚ್ಚಲಿ. ಇದೇ ರಿಲೇ. ಟೆಲಿಗ್ರಾಫ್ ಊರೂರು ದಾಟಿದ್ದು ಇದರ ಬೆನ್ನ ಮೇಲೆ.

ಮಿಸ್ತ್ರಿ ಕೈಯಲ್ಲಿದ್ದ ರಿಲೇಯ ಕಾಲುಗಳ ಬಳಿ 30, 85, 86, 87 ಎಂದು ಅಚ್ಚಾಗಿತ್ತು. ಬ್ಯಾಟರಿಯಿಂದ ದಪ್ಪ ವೈರು ಫ್ಯೂಸ್ ದಾಟಿ 30ಕ್ಕೆ, 87ರಿಂದ ಹಾರ್ನುಗಳಿಗೆ, ಹಳೆಯ ಹಾರ್ನಿನ ಎರಡು ವೈರು 85, 86ಕ್ಕೆ. ಇನ್ನು ಬಟನ್ ಹೊರಬೇಕಾದದ್ದು ಒಂದು ಆಂಪಿಯರಿನ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಹಾರ್ನುಗಳ ಇನ್ನೊಂದು ತುದಿಯನ್ನು ರೇಡಿಯೇಟರ್ ಪಟ್ಟಿಯ ಬೋಲ್ಟಿಗೆ ಅರ್ಥ್ ಕೊಟ್ಟರು.

ದನಿ ಏರಿತು, ಆದರೆ ಪೂರ್ತಿಯಲ್ಲ. ಹಾರ್ನಿನ ಮೇಲೆ 10.4 ವೋಲ್ಟ್. ಬ್ಯಾಟರಿಯ ಪ್ಲಸ್ಸಿನಿಂದ ಹಾರ್ನಿನ ಪ್ಲಸ್ಸಿಗೆ ಅಳೆದರೆ ನಷ್ಟ ಬರೀ 0.2. ಹಾರ್ನಿನ ಮೈನಸ್ಸಿನಿಂದ ಬ್ಯಾಟರಿಯ ಮೈನಸ್ಸಿಗೆ ಅಳೆದಾಗ 1.6! ಹೋಗುವ ದಾರಿ ಸರಿಯಾಗಿದೆ, ಮರಳುವ ದಾರಿ ಕಟ್ಟಿದೆ. ಬೋಲ್ಟ್ ಬಿಚ್ಚಿದರೆ ಕೆಳಗೆ ಬಣ್ಣದ ಪದರ, ಅದರಂಚಿಗೆ ತುಕ್ಕು. ಹೆನ್ರಿ ಪ್ರಯೋಗಾಲಯದಿಂದ ಮನೆಗೆ ಎಳೆದ ತಂತಿಗೆ ಮರಳುವ ದಾರಿಯಾಗಿ ನೆಲವನ್ನೇ ಬಳಸಿಕೊಂಡಿದ್ದ. ಕಾರಿನಲ್ಲಿ ಆ ಕೆಲಸ ಬಾಡಿಯ ಉಕ್ಕಿನದು. ಆದರೆ ಬಣ್ಣ ಕರೆಂಟ್ ಬಿಡುವುದಿಲ್ಲ. ಪಾಲಿಷ್ ಕಾಗದದಿಂದ ಉಜ್ಜಿ, ಲೋಹ ಹೊಳೆದ ಮೇಲೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದರು. ಮೀಟರ್ 11.9 ತೋರಿಸಿತು. ಕೊನೆಗೆ ಮಳೆನೀರು ನಿಲ್ಲದಂತೆ ಹಾರ್ನಿನ ಬಾಯಿಯನ್ನು ಕೆಳಕ್ಕೆ ತಿರುಗಿಸಿ ಬಾನೆಟ್ ಮುಚ್ಚಿದರು.

ಹೊಸ ಹಾರ್ನ್ ಹಾಕಿಸುವವರು ಇಷ್ಟು ನೆನಪಿಡಬೇಕು. ದನಿ ಸೋತರೆ ಸ್ಕ್ರೂ ಮುಟ್ಟಬೇಡಿ, ಅಂಗಡಿಯವನ ಜತೆ ಜಗಳಕ್ಕೂ ಇಳಿಯಬೇಡಿ. ಹಾರ್ನ್ ಕೂಗುತ್ತಿರುವಾಗಲೇ ಪ್ಲಸ್ ಕಡೆ, ಮೈನಸ್ ಕಡೆ ಬೇರೆ ಬೇರೆಯಾಗಿ ಅಳೆಯಿಸಿ. ಎರಡೂ ಕಡೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ ಇರಲಿ. ಹಾಗೆಯೇ, ಹಲವು ರಾಗದ ಹಾರ್ನನ್ನೂ ಕಿವಿಗಡಚಿಕ್ಕುವ ಹಾರ್ನನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ನಿಷೇಧಿಸಿದೆ. ಅನಗತ್ಯವಾಗಿ ಹಾರ್ನ್ ಬಾರಿಸಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡ.