ಮೂರು ಆಹ್ವಾನ ಪತ್ರಗಳು: ಸಾರ್ವಜನಿಕ ಆರೋಗ್ಯದ ಪಿಎಚ್‌.ಡಿ. ಹಾದಿ

ಮೂರು ವರ್ಷಗಳ ಹಿಂದೆ, ಯುಗಾದಿ ಕಳೆದ ವಾರದಲ್ಲಿ, ಜಗಳೂರು ತಾಲ್ಲೂಕಿನ ಭಕ್ತರೊಬ್ಬರು ತಮ್ಮ ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಮಗಳು ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಪಿಎಚ್‌.ಡಿ.ಗೆ ಅರ್ಜಿ ಹಾಕಿದ್ದಳು. ಮೂರು ಕಡೆಗಳಿಂದ ಪ್ರವೇಶದ ಆಹ್ವಾನ ಬಂದಿತ್ತು. ಅಮೆರಿಕದ ಒಂದು ವಿಶ್ವವಿದ್ಯಾಲಯ ಶುಲ್ಕ ವಿನಾಯಿತಿಯೊಂದಿಗೆ ಐದು ವರ್ಷಗಳ ಶಿಷ್ಯವೇತನವನ್ನು ಕೊಡುವುದಾಗಿ ಬರೆದಿತ್ತು. ಲಂಡನ್ನಿನ ಹೆಸರಾಂತ ಸಂಸ್ಥೆಯೊಂದು ಪ್ರವೇಶ ನೀಡಿತ್ತು, ವಿದ್ಯಾರ್ಥಿವೇತನ ನೀಡಿರಲಿಲ್ಲ. ಮೂರನೆಯದು ನಮ್ಮ ದೇಶದ್ದೇ ಒಂದು ಸಂಸ್ಥೆ. ಜೆ.ಆರ್‌.ಎಫ್‌. ಪರೀಕ್ಷೆಯಲ್ಲಿ ಆಕೆ ತೇರ್ಗಡೆಯಾಗಿದ್ದರಿಂದ ಅಲ್ಲಿ ಶಿಷ್ಯವೇತನಕ್ಕೆ ಕೊರತೆ ಇರಲಿಲ್ಲ.

ತಂದೆಯವರ ಮನಸ್ಸು ಲಂಡನ್ನಿನ ಮೇಲಿತ್ತು. ವರ್ಷಕ್ಕೆ ಇಪ್ಪತ್ತು ಲಕ್ಷ ರೂಪಾಯಿಗೂ ಮೀರಿದ ಬೋಧನಾ ಶುಲ್ಕವನ್ನು ಹೊಂದಿಸಲು ನಾಲ್ಕು ಎಕರೆ ಮೆಕ್ಕೆಜೋಳದ ಹೊಲವನ್ನು ಮಾರಲು ಮಾತುಕತೆ ನಡೆಸಿಯೇ ಬಂದಿದ್ದರು. “ಹೊಲ ಹೋದರೆ ಹೋಗಲಿ ಸ್ವಾಮಿ, ಮಗಳು ಲಂಡನ್ನಿನಲ್ಲಿ ಓದಿದಳು ಅಂತ ನಾಲ್ಕು ಜನ ಹೇಳಲಿ” ಎಂದರು. ಮಗಳು ಮಾತನಾಡದೆ ನೆಲ ನೋಡುತ್ತ ಕುಳಿತಿದ್ದಳು.

ಅಂದಿನಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗದ ಹಲವು ಭಕ್ತ ಕುಟುಂಬಗಳು ಇದೇ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿವೆ. ಆದುದರಿಂದ ಈ ತಿಂಗಳ ಆರೋಗ್ಯ ಅಂಕಣವನ್ನು ಕಾಯಿಲೆಗೆ ಬದಲಾಗಿ ಕಾಯಿಲೆಯ ಕಾರಣವನ್ನು ಹುಡುಕುವ ವಿದ್ಯೆಗೆ ಮೀಸಲಿಟ್ಟಿದ್ದೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಸಾರ್ವಜನಿಕ ಆರೋಗ್ಯವು ಎಂ.ಬಿ.ಬಿ.ಎಸ್‌. ಓದಿದವರಿಗೆ ಮಾತ್ರ ಸೇರಿದ್ದಲ್ಲ. ದಂತವೈದ್ಯರು, ಆಯುರ್ವೇದ ಪದವೀಧರರು, ಶುಶ್ರೂಷಕರು, ಸಮಾಜಕಾರ್ಯ ಅಥವಾ ಸಂಖ್ಯಾಶಾಸ್ತ್ರ ಓದಿದವರು ಎರಡು ವರ್ಷದ ಎಂ.ಪಿ.ಎಚ್‌. ಪದವಿಯ ಮೂಲಕ ಇದನ್ನು ಪ್ರವೇಶಿಸಬಹುದು. ವೈದ್ಯನು ಎದುರಿಗಿರುವ ಒಬ್ಬ ರೋಗಿಯನ್ನು ನೋಡುತ್ತಾನೆ. ಈ ಶಾಸ್ತ್ರವು ಒಂದು ಊರಿನಲ್ಲಿ ಇಷ್ಟು ಮಂದಿ ಏಕೆ ರೋಗಿಗಳಾದರು ಎಂದು ಕೇಳುತ್ತದೆ.

ಇಂಥ ಪ್ರಶ್ನೆಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಅದನ್ನು ಮೊದಲು ಗಮನಿಸಿದವರು ಸುತ್ತಲಿನ ಹಳ್ಳಿಗರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಉಣುಗಿನಿಂದ ಹರಡುವ ಹೊಸ ವೈರಾಣುವನ್ನು ಗುರುತಿಸಿದ್ದು ಅನಂತರ. ಆ ಕಾಡಿನ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಅದೇ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯೂ ಅಷ್ಟೆ. ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಮುಖವಸ್ತ್ರವಿಲ್ಲದೆ ಕೀಟನಾಶಕ ಸಿಂಪಡಿಸುವ ಕೂಲಿಕಾರರ ಆರೋಗ್ಯವಾಗಲಿ, ಕಾಫಿ ತೋಟಗಳಿಗೂ ಕಬ್ಬು ಕಡಿಯಲೂ ಗುಳೆ ಹೋಗುವ ತಾಂಡಾದ ತಾಯಂದಿರ ಬಾಣಂತನವಾಗಲಿ ಐದು ವರ್ಷಗಳ ಅಧ್ಯಯನಕ್ಕೆ ಸಾಲುವಷ್ಟು ದೊಡ್ಡ ವಿಷಯಗಳೇ.

ಚನ್ನಗಿರಿಯ ವಿಚಾರವನ್ನು ಬರೆಯುವಾಗ ನಮ್ಮ ಲೇಖನಿ ತುಸು ತಡವರಿಸುತ್ತದೆ. ಅಲ್ಲಿನ ಮಕ್ಕಳನ್ನು ಓದಿಸಿದ್ದು ಅಡಿಕೆ. ಮಠದ ಎಷ್ಟೋ ಸೇವಾಕಾರ್ಯಗಳಿಗೆ ನೆರವಾದದ್ದೂ ಅಡಿಕೆಯ ಹಣವೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿ ದಂತವೈದ್ಯನಾದ ಒಬ್ಬ ತರುಣ, ಗುಟ್ಕಾ ಜಗಿದು ಬಾಯಿ ತೆರೆಯಲಾಗದ ರೋಗಿಗಳನ್ನು ನೋಡಿ ನೋಡಿ, ಇದನ್ನೇ ಸಂಶೋಧನೆ ಮಾಡಬಹುದೇ ಎಂದು ನಮ್ಮನ್ನು ಕೇಳಿದ. ಮಾಡಬಹುದು, ಆದರೆ ಮೊದಲು ಮನೆಯಲ್ಲಿ ತಂದೆಯೊಡನೆ ಕುಳಿತು ಮಾತನಾಡು ಎಂದೆವು. ಬೆಳೆಗಾರನ ಬದುಕನ್ನೂ ಜಗಿಯುವವನ ಬಾಯಿಯನ್ನೂ ಒಟ್ಟಿಗೆ ಬಲ್ಲ ಸಂಶೋಧಕ ಹೊರಗಿನಿಂದ ಬರಲಾರ.

ಇನ್ನು ಅರ್ಜಿಯ ವಿಚಾರ. ಅಮೆರಿಕಕ್ಕೆ ಹೋಗಬಯಸುವವರು ಹಿಂದಿನ ವರ್ಷದ ಶ್ರಾವಣದ ವೇಳೆಗೇ ಸಿದ್ಧತೆ ತೊಡಗಬೇಕು. ಅಲ್ಲಿನ ಬಹಳಷ್ಟು ಸಾರ್ವಜನಿಕ ಆರೋಗ್ಯ ಶಾಲೆಗಳು ‘ಸೋಫಾಸ್’ ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ ಸ್ವೀಕರಿಸುತ್ತವೆ. ಕೊನೆಯ ದಿನಾಂಕ ಸಾಮಾನ್ಯವಾಗಿ ಡಿಸೆಂಬರ್ ತಿಂಗಳ ಆಸುಪಾಸಿನಲ್ಲಿರುತ್ತದೆ. ಸಂದರ್ಶನ ಜನವರಿ, ಫೆಬ್ರುವರಿಯಲ್ಲಿ. ಉತ್ತರ ಮಾರ್ಚ್ ವೇಳೆಗೆ. ಪ್ರತಿ ಶಾಲೆಗೂ ಬೇರೆ ಬೇರೆ ಶುಲ್ಕ ತೆರಬೇಕಾದ್ದರಿಂದ ಹತ್ತಾರು ಕಡೆ ಬಲೆ ಬೀಸುವುದು ಜಾಣತನವಲ್ಲ. ಡಿ.ಆರ್‌.ಪಿ.ಎಚ್‌. ಎಂಬ ಇನ್ನೊಂದು ಪದವಿಯೂ ಅಲ್ಲಿದೆ. ಅದು ಆಡಳಿತ ಮತ್ತು ಕಾರ್ಯಕ್ರಮಗಳ ನೇತೃತ್ವ ವಹಿಸುವವರಿಗೆ. ಬೋಧನೆ, ಸಂಶೋಧನೆಯನ್ನೇ ಕಾಯಕವಾಗಿಸಿಕೊಳ್ಳುವವರಿಗೆ ಪಿಎಚ್‌.ಡಿ.ಯೇ ಸರಿ. ಬ್ರಿಟನ್ನಿನಲ್ಲಿ ಮೊದಲೇ ಸಂಶೋಧನಾ ಪ್ರಸ್ತಾವನೆ ಬರೆದು ಮಾರ್ಗದರ್ಶಕರನ್ನು ಒಪ್ಪಿಸಬೇಕು. ಸ್ವೀಡನ್, ನಾರ್ವೆಗಳಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗೆ ಸಂಬಳದ ಹುದ್ದೆಯೇ ಸಿಗುತ್ತದೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ತಾಂಡಾಗಳ ಪದವೀಧರರು ಅದನ್ನು ತಪ್ಪದೆ ವಿಚಾರಿಸಬೇಕು.

ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಸಾಮಾಜಿಕ ವೈದ್ಯಶಾಸ್ತ್ರ ಕೇಂದ್ರ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳಿಗೆ ಒಳ್ಳೆಯ ಹೆಸರಿದೆ. ಮಣಿಪಾಲ, ಮೈಸೂರಿನ ಜೆ.ಎಸ್‌.ಎಸ್‌., ಬೆಳಗಾವಿಯ ಕೆ.ಎಲ್‌.ಇ. ವಿಶ್ವವಿದ್ಯಾಲಯಗಳಲ್ಲಿಯೂ ಸಾರ್ವಜನಿಕ ಆರೋಗ್ಯದ ಅಧ್ಯಯನಕ್ಕೆ ಅವಕಾಶವಿದೆ. ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ‘ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ’ ಎಂಬ ಪ್ರತ್ಯೇಕ ವಿಷಯವೇ ಇದೆ. ಜೆ.ಆರ್‌.ಎಫ್‌. ದೊರೆತರೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000 ರೂಪಾಯಿ ಶಿಷ್ಯವೇತನ.

ಎಲ್ಲಿಗೇ ಅರ್ಜಿ ಹಾಕಲಿ, ಉದ್ದೇಶ ಪತ್ರವೊಂದನ್ನು ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಹುಡುಗಿಯ ಮೊದಲ ಕರಡು “ಬಾಲ್ಯದಿಂದಲೂ ನನಗೆ ಜನಸೇವೆ ಮಾಡುವ ಹಂಬಲ” ಎಂದು ಆರಂಭವಾಗಿತ್ತಂತೆ. ಆಕೆಯ ಅಧ್ಯಾಪಕಿ ಅದನ್ನು ಹಿಂದಿರುಗಿಸಿ, ನಿನ್ನ ಮನೆಯಲ್ಲಿ ನೀನು ಕಂಡದ್ದನ್ನು ಬರೆ ಎಂದರು. ಜಗಳೂರಿನ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ವರ್ಷಾನುಗಟ್ಟಲೆ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಆಕೆಯ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು. ಆದರೆ ತಾಯಿಯ ಅಡುಗೆಮನೆಯಲ್ಲಿ ಎರಡು ಕೊಡಗಳಿದ್ದವು. ಬೇಳೆ ಚೆನ್ನಾಗಿ ಬೇಯಲೆಂದು ಬೇಳೆಗೂ, ಕುಡಿಯುವುದಕ್ಕೂ ಘಟಕದ ನೀರು. ಮುದ್ದೆಗೆ, ಅನ್ನಕ್ಕೆ ಕೊಳವೆಬಾವಿಯದು. ಘಟಕ ಬಂದ ಮೇಲೂ ದೇಹಕ್ಕೆ ಫ್ಲೋರೈಡ್ ಎಷ್ಟು ಸೇರುತ್ತಿದೆ, ಯಾವ ಕೊಡದಿಂದ ಸೇರುತ್ತಿದೆ? ಆಕೆ ಆ ಎರಡು ಕೊಡಗಳಿಂದಲೇ ಪತ್ರವನ್ನು ಆರಂಭಿಸಿದಳು. ಮೂರೂ ಆಹ್ವಾನಗಳು ಆ ಪತ್ರಕ್ಕೇ ಬಂದವು.

ಶಿಫಾರಸು ಪತ್ರದ ಬಗೆಗೂ ಒಂದು ಮಾತು. ಪೂಜ್ಯರಿಂದಲೋ ಶಾಸಕರಿಂದಲೋ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆಸಿಕೊಡಿ ಎಂದು ಕೇಳುತ್ತ ಬರುವವರಿದ್ದಾರೆ. ಪೂಜ್ಯರ ಆಶೀರ್ವಾದ ಎಂದಿಗೂ ಇದೆ. ಆದರೆ ಆಯ್ಕೆ ಸಮಿತಿಗೆ ಬೇಕಾದದ್ದು ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಅಧ್ಯಾಪಕರ ಮಾತು. ಅವರಿಗೆ ಕನಿಷ್ಠ ಒಂದೂವರೆ ತಿಂಗಳ ಮುಂಚೆ ಹೇಳಬೇಕು.

ಆಹ್ವಾನಗಳು ಬಂದ ಮೇಲಿನ ಕಷ್ಟವೇ ಬೇರೆ. ಕಟ್ಟಡದ ಹೆಸರನ್ನು ನೋಡಿ ಆರಿಸುವವರೇ ಅಧಿಕ. 1899ರಲ್ಲಿ ಸ್ಥಾಪನೆಯಾದ ಲಂಡನ್ ಶಾಲೆ, 1916ರಲ್ಲಿ ಸ್ಥಾಪನೆಯಾದ ಜಾನ್ಸ್ ಹಾಪ್ಕಿನ್ಸ್ ಶಾಲೆ ಇವುಗಳ ಕೀರ್ತಿ ಪೊಳ್ಳಲ್ಲ. ಆದರೆ ಪಿಎಚ್‌.ಡಿ. ವಿದ್ಯಾರ್ಥಿ ಐದು ವರ್ಷ ಬಾಳುವುದು ಒಬ್ಬ ಮಾರ್ಗದರ್ಶಕರ ಕೈಕೆಳಗೆ. ಅವರ ಈಗಿನ ಮತ್ತು ಹಿಂದಿನ ವಿದ್ಯಾರ್ಥಿಗಳೊಡನೆ, ಮಾರ್ಗದರ್ಶಕರು ಎದುರಿಗಿಲ್ಲದಾಗ, ಮಾತನಾಡಲೇಬೇಕು. ಎಷ್ಟು ಮಂದಿ ಮುಗಿಸಿದರು, ಎಷ್ಟು ವರ್ಷ ಹಿಡಿಯಿತು, ಅರ್ಧಕ್ಕೆ ಬಿಟ್ಟವರು ಏಕೆ ಬಿಟ್ಟರು, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬರುತ್ತದೆ ಎಂದು ಕೇಳಬೇಕು. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂಬುದನ್ನೂ ವಿಚಾರಿಸಬೇಕು; ಮೂರು ವರ್ಷಕ್ಕಿಂತ ಕಡಿಮೆ ಸೇವಾವಧಿ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲವೆಂದು ಯು.ಜಿ.ಸಿ.ಯ 2022ರ ನಿಯಮಗಳೇ ಹೇಳುತ್ತವೆ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಶಿಷ್ಯವೇತನ ಎಷ್ಟು ವರ್ಷ, ಬೇಸಿಗೆ ರಜೆಯ ತಿಂಗಳುಗಳಲ್ಲಿಯೂ ಬರುವುದೇ, ಆರೋಗ್ಯ ವಿಮೆ ಸೇರಿದೆಯೇ, ಆ ನಗರದಲ್ಲಿ ಕೋಣೆಯ ಬಾಡಿಗೆ ಎಷ್ಟು ಎಂಬುದನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ನಮ್ಮ ದೇಶದಲ್ಲಿ ಶಿಷ್ಯವೇತನ ತಿಂಗಳುಗಟ್ಟಲೆ ತಡವಾಗುವುದುಂಟು. ಅದಕ್ಕೆ ಸ್ವಲ್ಪ ಕೈಗಾವಲು ಇಟ್ಟುಕೊಳ್ಳಬೇಕು. ಹೊಲ ಮಾರಿ ಪಿಎಚ್‌.ಡಿ. ಮಾಡಿಸುವುದನ್ನು ನಾವು ಯಾರಿಗೂ ಹೇಳುವುದಿಲ್ಲ. ವೈದ್ಯಕೀಯ ಸೀಟಿಗೆ ಸುರಿದ ಹಣ ಮುಂದೆ ಮರಳಬಹುದು. ಈ ವಿದ್ಯೆಯಲ್ಲಿ ಅಂಥ ಗಳಿಕೆಯಿಲ್ಲ.

ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳು ಶಿಷ್ಯವೇತನ ಸಹಿತವಾದ ಆಹ್ವಾನಕ್ಕೆ ಉತ್ತರಿಸಲು ಏಪ್ರಿಲ್ 15ರವರೆಗೆ ಕಾಲಾವಕಾಶ ನೀಡುವ ಒಡಂಬಡಿಕೆಗೆ ಸಹಿ ಹಾಕಿವೆ. ಅದಕ್ಕೆ ಮುಂಚೆ ಅವಸರಪಡಿಸಿದರೆ ವಿನಯದಿಂದಲೇ ಇದನ್ನು ನೆನಪಿಸಬಹುದು. ಆದರೆ ಮನಸ್ಸಿನಲ್ಲಿ ಬಿಟ್ಟುಬಿಟ್ಟ ಸ್ಥಾನವನ್ನು ಕೊನೆಯ ದಿನದವರೆಗೆ ಹಿಡಿದಿಟ್ಟುಕೊಳ್ಳುವುದು, ದಾಸೋಹದ ಪಂಕ್ತಿಯಲ್ಲಿ ಎರಡು ಎಲೆ ಹಾಕಿಕೊಂಡು ಕುಳಿತಂತೆ. ಬಾಗಿಲಲ್ಲಿ ಇನ್ನೊಬ್ಬರು ನಿಂತಿರುತ್ತಾರೆ.

ಹೆಣ್ಣುಮಕ್ಕಳ ಪೋಷಕರು “ಐದು ವರ್ಷ ಅಂದರೆ ಮದುವೆ ಯಾವಾಗ?” ಎಂದು ಕೇಳುತ್ತಾರೆ. ಯು.ಜಿ.ಸಿ. ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ; ಮಹಿಳೆಯರಿಗೆ ಇನ್ನೆರಡು ವರ್ಷಗಳ ರಿಯಾಯಿತಿಯೂ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ ಉಂಟು. ಮದುವೆಗಾಗಿ ಓದು ನಿಲ್ಲಬೇಕಾಗಿಲ್ಲ. ಬೀಗರಾಗುವವರಿಗೂ ಇದನ್ನು ಮೊದಲೇ ತಿಳಿಸುವುದು ಕ್ಷೇಮ.

ಅಂದು ನಾವು ಲಂಡನ್ ಬೇಡವೆಂದು ಖಡಾಖಂಡಿತವಾಗಿ ಹೇಳಿದೆವು. ಅಮೆರಿಕವೇ ಒಳ್ಳೆಯದೆಂಬುದು ನಮ್ಮ ಸಲಹೆಯಾಗಿತ್ತು: ಐದು ವರ್ಷ ನಿಶ್ಚಿಂತೆ, ಗಟ್ಟಿಯಾದ ಸಂಖ್ಯಾಶಾಸ್ತ್ರದ ತರಬೇತಿ. ಆಗ ಹುಡುಗಿ ಮೊದಲ ಬಾರಿ ಬಾಯಿ ತೆರೆದಳು. ಅಮೆರಿಕದ ಪ್ರಾಧ್ಯಾಪಕರ ಬಳಿ ಬೇರೊಂದು ದೇಶದ ಮಾಹಿತಿ ಈಗಾಗಲೇ ಸಂಗ್ರಹವಾಗಿದೆ, ತನ್ನ ಪಿಎಚ್‌.ಡಿ. ಅದರ ಮೇಲೆಯೇ ಆಗಬೇಕೆಂದಿದ್ದಾರೆ ಎಂದಳು. ದೇಶೀಯ ಸಂಸ್ಥೆಯ ಮಾರ್ಗದರ್ಶಕರು ಆಕೆಯ ಪತ್ರ ಓದಿ, “ಮುದ್ದೆಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಅಳೆದಿದ್ದೀಯಾ?” ಎಂದು ಕೇಳಿದ್ದರಂತೆ. “ಅಪ್ಪಾಜಿ, ಅದನ್ನು ಕೇಳಿದವರು ಅವರೊಬ್ಬರೇ” ಎಂದಳು. ತಂದೆಯವರು ನಮ್ಮ ಮುಖ ನೋಡಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಏಪ್ರಿಲ್ 12ರಂದು ಆಕೆ ಉಳಿದೆರಡು ಕಡೆಗೂ ಕೃತಜ್ಞತೆಯ ಪತ್ರ ಬರೆದು ಸ್ಥಾನ ಬಿಟ್ಟುಕೊಟ್ಟಳು.

ಕಳೆದ ತಿಂಗಳು ಜಗಳೂರು ಕಡೆ ಹೋಗಿದ್ದಾಗ ಅವರ ಮನೆಗೆ ಹೋಗಿದ್ದೆವು. ಹೊಲ ಮಾರಾಟವಾಗಿಲ್ಲ, ಈ ಬಾರಿಯೂ ಮೆಕ್ಕೆಜೋಳ. ಪಡಸಾಲೆಯ ಗೋಡೆಗೆ ಹೊಂದಿಸಿ ಊರಿನ ಮನೆಮನೆಯಿಂದ ತಂದ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಳು. ಪ್ರತಿಯೊಂದಕ್ಕೂ ಸಂಖ್ಯೆ, ದಿನಾಂಕ, ‘ಬೇಳೆ’ ಅಥವಾ ‘ಮುದ್ದೆ’ ಎಂಬ ಚೀಟಿ. ಶಿಷ್ಯವೇತನ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ತಾಯಿ ಚಹಾ ತಂದರು. ಯಾವ ಕೊಡದ ನೀರು ಎಂದು ನಾವು ಕೇಳುವ ಮೊದಲೇ ಮಗಳು ನಗುತ್ತ ಪುಸ್ತಕದಲ್ಲಿ ಬರೆದುಕೊಂಡಳು.