ಹಂಡೆಯ ಸ್ನಾನವೋ ಷವರಿನ ಸ್ನಾನವೋ: ಬಚ್ಚಲುಮನೆಯ ಒಂದು ನಿರ್ಣಯ

ಮನೆಯ ದುರಸ್ತಿಗೆ ಕೈಹಾಕಿದ ಗೃಹಸ್ಥರಿಗೆ ಇಂದು ತಪ್ಪದೆ ಎದುರಾಗುವ ಪ್ರಶ್ನೆಗಳಲ್ಲಿ ಒಂದು ಬಚ್ಚಲುಮನೆಯದು. ಹಂಡೆಯನ್ನು ಕೀಳಿಸಿ, ಬಕೆಟ್ಟು ತಂಬಿಗೆಗಳನ್ನು ಮೂಲೆಗೆ ಸರಿಸಿ, ಗೋಡೆಗೆ ಷವರನ್ನು ಕೂಡಿಸುವುದು ಯುಕ್ತವೇ, ಅಲ್ಲವೇ? ವಿಷಯ ಅಲ್ಪವೆಂದು ತೋರಬಹುದು. ಆದರೆ ಮನೆಯಲ್ಲಿ ದಿನವೂ ವ್ಯಯವಾಗುವ ನೀರಿನಲ್ಲಿ ಅತ್ಯಂತ ದೊಡ್ಡ ಪಾಲು ಸ್ನಾನದ್ದೇ. ಭಾರತೀಯ ಮಾನಕದಲ್ಲಿ ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ನೀರೆಂದು ಗೊತ್ತುಮಾಡುವಾಗ ಅದರಲ್ಲಿ 55 ಲೀಟರನ್ನು ಸ್ನಾನಕ್ಕಾಗಿಯೇ ಬಿಟ್ಟಿದ್ದಾರೆ. ಕುಡಿಯುವುದಕ್ಕೆ 5, ಅಡಿಗೆಗೆ 5. ಇಂತಹ ವ್ಯಯದ ಮೇಲೆ ಪರಿಣಾಮ ಬೀರುವ ನಿರ್ಣಯವನ್ನು ಅಂಗಡಿಯ ಹೊಳಪನ್ನು ನೋಡಿ ಕೈಗೊಳ್ಳುವುದು ತರವಲ್ಲ.

ಈ ಪ್ರಶ್ನೆ ನಮಗೆ ಎದುರಾದದ್ದು ನಮ್ಮ ಮನೆಯಲ್ಲಿಯೇ. ಎಂಬತ್ತನ್ನು ಸಮೀಪಿಸಿರುವ ನಮ್ಮ ತಾಯಿಯವರು ಒಂದು ಮುಂಜಾನೆ ಹಂಡೆಯಿಂದ ನೀರು ತೋಡಿಕೊಳ್ಳಲು ಬಾಗಿದಾಗ ಒದ್ದೆಗಲ್ಲಿನ ಮೇಲೆ ಕಾಲು ಜಾರಿ ಬಿದ್ದರು. ಮೂಳೆ ಮುರಿಯದೆ ಉಳಿದದ್ದು ಪುಣ್ಯ. ಅಂದಿನ ಸಂಜೆಯೇ ಮನೆಯ ಕಿರಿಯರೆಲ್ಲರೂ ಷವರಿನ ಪಕ್ಷವನ್ನು ವಹಿಸಿದರು. ತಾಯಿಯವರೊಬ್ಬರೇ ಹಂಡೆಯ ಪಕ್ಷ. ಎರಡು ಪಕ್ಷಗಳಲ್ಲಿಯೂ ಹುರುಳಿದ್ದುದರಿಂದ, ವಾದವನ್ನು ಬಿಟ್ಟು ಲೆಕ್ಕವನ್ನು ಹಿಡಿಯುವುದು ಮೇಲೆಂದು ನಮಗೆ ತೋರಿತು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಷವರು ನೀರನ್ನು ಉಳಿಸುತ್ತದೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಈ ಮಾತು ಹುಟ್ಟಿದ್ದು ಸ್ನಾನವೆಂದರೆ ತೊಟ್ಟಿಯಲ್ಲಿ ಮಲಗುವುದೆಂಬ ಅರ್ಥವಿರುವ ದೇಶಗಳಲ್ಲಿ. ಇಂಗ್ಲೆಂಡಿನ ಅಥವಾ ಅಮೆರಿಕದ ಮನೆಯ ಸ್ನಾನದ ತೊಟ್ಟಿ ಮೈ ಮುಳುಗುವಷ್ಟು ತುಂಬಬೇಕಾದರೆ 80 ಲೀಟರಿಗೆ ಕಡಮೆಯಿಲ್ಲದಷ್ಟು, ಅನೇಕ ವೇಳೆ 100 ಲೀಟರಿಗೂ ಮಿಕ್ಕಿ, ನೀರು ಬೇಕು. ಅದನ್ನು ಕಿತ್ತು ಷವರನ್ನು ಹಾಕಿಸಿ, ಐದು ನಿಮಿಷದಲ್ಲಿ ಸ್ನಾನ ಮುಗಿಸಿದವನಿಗೆ ಅರ್ಧದಷ್ಟು ಉಳಿತಾಯವಾಗುವುದು ಸಹಜ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1992ರ ಶಾಸನವೊಂದು ಷವರಿನ ಪ್ರವಾಹಕ್ಕೆ ನಿಮಿಷಕ್ಕೆ ಎರಡೂವರೆ ಗ್ಯಾಲನ್, ಎಂದರೆ ಸುಮಾರು 9.5 ಲೀಟರು, ಎಂಬ ಮಿತಿಯನ್ನೂ ವಿಧಿಸಿತು. ಆ ಲೆಕ್ಕ ಅವರಿಗೆ ಸರಿಯಾದದ್ದು. ನಮ್ಮ ಬಚ್ಚಲಿನಲ್ಲಿ ಹೋಲಿಸಬೇಕಾದದ್ದು ತೊಟ್ಟಿಯನ್ನಲ್ಲ, ಬಕೆಟ್ಟನ್ನು. ಬಕೆಟ್ಟೊಂದರಲ್ಲಿ ಹಿಡಿಯುವುದು 15ರಿಂದ 20 ಲೀಟರು. ನಿಮಿಷಕ್ಕೆ 9 ಲೀಟರು ಸುರಿಸುವ ಷವರಿನ ಕೆಳಗೆ ಐದು ನಿಮಿಷ ನಿಂತವನು 45 ಲೀಟರನ್ನು ವ್ಯಯಿಸಿರುತ್ತಾನೆ. ತೊಟ್ಟಿಯೊಡನೆ ನಿಲ್ಲಿಸಿದಾಗ ಮಿತವ್ಯಯಿಯಾದ ಷವರು ಬಕೆಟ್ಟಿನೊಡನೆ ನಿಲ್ಲಿಸಿದೊಡನೆ ದುಂದುಗಾರನಾಗುತ್ತದೆ.

ಇದಕ್ಕೆ ಕಾರಣ ಷವರಿನ ಯಂತ್ರದಲ್ಲಿಲ್ಲ. ತಂಬಿಗೆಯ ಸ್ನಾನದಲ್ಲಿ ಕೈ ನಿಂತರೆ ನೀರೂ ನಿಲ್ಲುತ್ತದೆ. ಸೋಪು ಹಚ್ಚುವಾಗ, ಬೆನ್ನು ಉಜ್ಜುವಾಗ, ತಲೆಗೆ ಸೀಗೆಪುಡಿಯನ್ನು ತಿಕ್ಕುವಾಗ ಒಂದು ತೊಟ್ಟೂ ಖರ್ಚಾಗುವುದಿಲ್ಲ. ಅಷ್ಟೇ ಅಲ್ಲದೆ, ಬಕೆಟ್ಟಿನ ತಳ ಕಂಡಾಗ ಸ್ನಾನ ಮುಗಿಯಿತೆಂಬುದು ಮಕ್ಕಳಿಗೂ ತಿಳಿಯುತ್ತದೆ. ಷವರಿಗೆ ತಳವಿಲ್ಲ. ನಡುವೆ ತಿರುಗಣೆಯನ್ನು ಮುಚ್ಚುವ ಅಭ್ಯಾಸವಿರುವವರಿಗೆ ಮಾತ್ರ ಈ ಆಕ್ಷೇಪ ಅನ್ವಯಿಸುವುದಿಲ್ಲ: ನಿಮಿಷಕ್ಕೆ 6 ಲೀಟರಿನ ಮಿತ ಪ್ರವಾಹದ ಷವರನ್ನು ಒಟ್ಟು ಎರಡೇ ನಿಮಿಷ ಬಿಟ್ಟು ಸ್ನಾನ ಮುಗಿಸಿದರೆ ವ್ಯಯ 12 ಲೀಟರು, ಬಕೆಟ್ಟಿಗಿಂತಲೂ ಕಡಮೆ. ಆದರೆ ನಡುವೆ ಮುಚ್ಚಿ ಮತ್ತೆ ತೆರೆದಾಗ ತಣ್ಣೀರು ಬಿಸಿನೀರುಗಳ ಪ್ರಮಾಣವನ್ನು ಪುನಃ ಹೊಂದಿಸಬೇಕಾದ ತೊಡಕಿನಿಂದ ಬಹುಮಂದಿ ಮುಚ್ಚುವುದೇ ಇಲ್ಲ. ಹಾಕಿಸುವವರು ಬೆರಕೆಯನ್ನು ಕದಲಿಸದೆ ಪ್ರವಾಹವನ್ನು ಮಾತ್ರ ನಿಲ್ಲಿಸುವ ತಿರುಗಣೆಯನ್ನು ಕೇಳಿ ಹಾಕಿಸತಕ್ಕದ್ದು.

ತಮ್ಮ ಮನೆಯ ಷವರು ಎಷ್ಟು ಸುರಿಸುತ್ತದೆಂಬುದನ್ನು ಅರಿಯಲು ಯಾವ ಉಪಕರಣವೂ ಬೇಕಾಗಿಲ್ಲ. 15 ಲೀಟರಿನ ಬಕೆಟ್ಟನ್ನು ಅದರ ಕೆಳಗಿಟ್ಟು, ತುಂಬಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಿದರೆ ಸಾಕು. ಒಂದೂವರೆ ನಿಮಿಷದಲ್ಲಿ ತುಂಬಿದರೆ ಪ್ರವಾಹ ನಿಮಿಷಕ್ಕೆ 10 ಲೀಟರು. ಹಲವರು ಇದಕ್ಕೆ ವಿರುದ್ಧವಾದ ನಿರಾಶೆಯನ್ನು ಅನುಭವಿಸುತ್ತಾರೆ. ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಆಗಬೇಕಾದರೆ ತೊಟ್ಟಿ 10 ಮೀಟರು ಎತ್ತರದಲ್ಲಿರಬೇಕು. ಒಂದೇ ಅಂತಸ್ತಿನ ಮನೆಯಲ್ಲಿ ತಾರಸಿಯ ಮೇಲಿನ ತೊಟ್ಟಿಯ ತಳ ನೆಲದಿಂದ ಸುಮಾರು 4 ಮೀಟರು, ಷವರು 2 ಮೀಟರು ಎತ್ತರದಲ್ಲಿರುತ್ತವೆ. ಉಳಿಯುವ ಒತ್ತಡ 0.2 ಕಿಲೋಗ್ರಾಂ ಮಾತ್ರ. ಅಂಗಡಿಯಲ್ಲಿ ಮಳೆಯಂತೆ ಸುರಿದ ಷವರು ಮನೆಯಲ್ಲಿ ಸೋರುವ ಹಂಚಿನಂತೆ ತೊಟ್ಟಿಕ್ಕುವುದು ಇದರಿಂದಲೇ. ಆಗ ಒತ್ತಡಕ್ಕೊಂದು ಪಂಪು ಬರುತ್ತದೆ. ಪಂಪು ಬಂದಮೇಲೆ ಪ್ರವಾಹ ನಾವು ಮೊದಲು ಎಣಿಸಿದುದಕ್ಕಿಂತ ಬಹಳ ಮೇಲೇರುತ್ತದೆ. ಕೊಳವೆಬಾವಿಯ ಗಡಸು ನೀರಿರುವ ಕಡೆ ಷವರಿನ ರಂಧ್ರಗಳಲ್ಲಿ ಸುಣ್ಣದಂತಹ ಉಪ್ಪು ಕಟ್ಟಿಕೊಳ್ಳುವುದು ಇನ್ನೊಂದು ತೊಂದರೆ.

ಇನ್ನು ಶಾಖದ ವಿಷಯ. ವಾಸ್ತವವಾಗಿ ಸ್ನಾನದ ಖರ್ಚಿರುವುದು ಇಲ್ಲಿ. ಮುಂಜಾನೆ ತೊಟ್ಟಿಯ ನೀರು 22 ಡಿಗ್ರಿ, ಸ್ನಾನದ ನೀರು 40 ಡಿಗ್ರಿ ಎಂದು ಹಿಡಿಯೋಣ. ಲೀಟರೊಂದಕ್ಕೆ 18 ಕಿಲೋಕ್ಯಾಲರಿ ಬೇಕು. ವಿದ್ಯುತ್ತಿನ ಒಂದು ಯೂನಿಟ್ಟಿನಲ್ಲಿ 860 ಕಿಲೋಕ್ಯಾಲರಿಗಳಿವೆ. 18 ಲೀಟರಿನ ಬಕೆಟ್ಟಿಗೆ ಸುಮಾರು 0.38 ಯೂನಿಟ್ಟು, 45 ಲೀಟರಿನ ಷವರಿಗೆ 0.94 ಯೂನಿಟ್ಟು. ನಾಲ್ವರ ಸಂಸಾರದಲ್ಲಿ ತಿಂಗಳಿಗೆ ಈ ವ್ಯತ್ಯಾಸ ಸುಮಾರು 67 ಯೂನಿಟ್ಟುಗಳಾಗುತ್ತದೆ. ಬೆಂಗಳೂರಿನವರಿಗೆ ಇನ್ನೊಂದು ಹೋಲಿಕೆಯನ್ನು ಹೇಳಬಹುದು. ಅಲ್ಲಿಯ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಬರುತ್ತದೆ. ಈ ಮಹಾಸಾಹಸಕ್ಕೆ, ಪಂಪು ಕೊಳವೆಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೆ, ಲೀಟರಿಗೆ ತಗಲುವ ಶಕ್ತಿ ಅದೇ ನೀರನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚು ಬಿಸಿಮಾಡಲು ತಗಲುವಷ್ಟೇ. ಬಚ್ಚಲಿನಲ್ಲಿ ನಾವು ಅದನ್ನು 18 ಡಿಗ್ರಿ ಕಾಯಿಸಿ ಚರಂಡಿಗೆ ಬಿಡುತ್ತೇವೆ.

ಷವರು ತನ್ನೊಡನೆ ಗೀಸರನ್ನೂ ಬದಲಾಯಿಸಬೇಕೆಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಮೊದಲೇ ಹೇಳುವುದಿಲ್ಲ. 15 ಲೀಟರಿನ ಗೀಸರಿನಲ್ಲಿ 60 ಡಿಗ್ರಿಗೆ ಕಾಯ್ದ ನೀರಿಗೆ ತಣ್ಣೀರನ್ನು ಬೆರೆಸಿದರೆ ಸ್ನಾನಯೋಗ್ಯವಾದ ನೀರು ಸುಮಾರು 32 ಲೀಟರು ದೊರೆಯುತ್ತದೆ. ಬಕೆಟ್ಟಿನಲ್ಲಿ ಸ್ನಾನ ಮಾಡುವ ಇಬ್ಬರಿಗೆ ಇದು ಹೆಚ್ಚುಕಡಮೆ ಸಾಕು; ಷವರಿನ ಕೆಳಗಿನ ಒಬ್ಬನಿಗೆ ಮೂರೂವರೆ ನಿಮಿಷದಲ್ಲಿ, ತಲೆಯಲ್ಲಿ ನೊರೆಯಿರುವಾಗಲೇ, ತಣ್ಣೀರು ಬರುತ್ತದೆ. ಆಗಿಂದಾಗ ಕಾಯಿಸುವ 3 ಕಿಲೋವಾಟಿನ ಚಿಕ್ಕ ಗೀಸರು ನಿಮಿಷಕ್ಕೆ ಕೊಡಬಲ್ಲ ಹದವಾದ ನೀರು ಎರಡೂವರೆ ಲೀಟರಿಗಿಂತ ಕಡಮೆ. ಅದನ್ನು ನಂಬಿ ಷವರನ್ನು ಹಾಕಿಸುವುದು ವ್ಯರ್ಥ. ಅನಿಲದ ಗೀಸರು ಬೇಕಾದಷ್ಟು ಕೊಡುತ್ತದೆ. ಆದರೆ ಮುಚ್ಚಿದ ಬಚ್ಚಲಿನೊಳಗೆ ಅದನ್ನಿಡುವುದು ಪ್ರಾಣಾಪಾಯಕರ. ಅದರ ಉರಿಯಿಂದ ಹುಟ್ಟಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಸೂರ್ಯಶಾಖದ ಹಂಡೆಯುಳ್ಳ ಮನೆಗಳಲ್ಲಿ ಶಾಖಕ್ಕೆ ಬೆಲೆಯಿಲ್ಲವೆಂದು ಹೇಳುವವರುಂಟು. ಅಲ್ಲಿ ಬೇರೊಂದು ನಷ್ಟವಿದೆ. ತಾರಸಿಯಿಂದ ಬಚ್ಚಲಿಗೆ 20 ಮಿಲಿಮೀಟರು ವ್ಯಾಸದ ಕೊಳವೆ 20 ಮೀಟರು ಉದ್ದವಿದ್ದರೆ ಅದರೊಳಗೆ ರಾತ್ರಿಯೆಲ್ಲ ನಿಂತು ತಣ್ಣಗಾದ ನೀರು 6 ಲೀಟರಿಗಿಂತ ಹೆಚ್ಚಾಗುತ್ತದೆ. ಬಕೆಟ್ಟಿಟ್ಟವರಿಗೆ ಇದು ನಷ್ಟವೇ ಅಲ್ಲ. ಮೊದಲು ಬಂದ ತಣ್ಣೀರು ತಳದಲ್ಲಿ ನಿಂತು, ಹಿಂದೆ ಬರುವ ಸುಡುನೀರಿನೊಡನೆ ಬೆರೆತು ಹದವಾಗುತ್ತದೆ. ಷವರಿನವರು ಪಕ್ಕಕ್ಕೆ ಸರಿದು ನಿಂತು, ಅಷ್ಟನ್ನೂ ಹರಿಯಬಿಟ್ಟು, ಬಿಸಿ ಬಂದಮೇಲೆ ಒಳಹೋಗುತ್ತಾರೆ. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ನೀರು ಬತ್ತಿ, ಜಲಮಂಡಲಿಯು ಪ್ರವಾಹವನ್ನು ತಗ್ಗಿಸುವ ಜಾಲರಿಗಳನ್ನು ನಲ್ಲಿಗಳಿಗೆ ಹಾಕಿಸಬೇಕೆಂದು ಆಜ್ಞೆ ಮಾಡಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಆರಂಭವಾಗಿ ದಿನಕ್ಕೆ 77.5 ಕೋಟಿ ಲೀಟರು ಹೆಚ್ಚು ನೀರು ತರಲು ಏರ್ಪಾಡಾದದ್ದು ನಿಜ. ಹಾಗೆಂದು ಆ ಬೇಸಗೆಯನ್ನು ಮರೆಯುವುದು ವಿವೇಕವಲ್ಲ.

ಇಷ್ಟನ್ನು ಓದಿ, ನಾವು ಹಂಡೆಯ ವಕಾಲತ್ತು ವಹಿಸಿದ್ದೇವೆಂದು ಯಾರೂ ಭಾವಿಸಬಾರದು. ಬಚ್ಚಲ ಒಲೆಯ ಮುಂದೆ ಕುಳಿತು ಊದಿ ಉರಿ ಹೊತ್ತಿಸಿದವರಿಗೆ ಅದರ ಕಷ್ಟ ಗೊತ್ತು. 60 ಲೀಟರಿನ ತಾಮ್ರದ ಹಂಡೆಯನ್ನು 22ರಿಂದ 62 ಡಿಗ್ರಿಗೆ ಕಾಯಿಸಲು ನೀರಿಗೆ ಸೇರಬೇಕಾದ ಶಾಖ 2,400 ಕಿಲೋಕ್ಯಾಲರಿ. ಉರಿಯ ಐದನೆಯ ಒಂದು ಪಾಲು ಮಾತ್ರ ನೀರಿಗೆ ತಲಪುವುದೆಂದು ಇಟ್ಟುಕೊಂಡರೆ ದಿನಕ್ಕೆ ಮೂರು ಮೂರೂವರೆ ಕಿಲೋಗ್ರಾಂ ಸೌದೆ ಬೇಕು. ಮಲೆನಾಡಿನ ತೋಟದ ಮನೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿ ಮೊದಲಾದವು ಬಿಟ್ಟಿಯಾಗಿ ದೊರೆಯುತ್ತವೆ, ಬೂದಿ ಪಾತ್ರೆ ಬೆಳಗಲು ಒದಗುತ್ತದೆ, ಬಚ್ಚಲ ನೀರು ಹಿತ್ತಲ ಕೆಸುವಿಗೂ ಬಾಳೆಗೂ ಹರಿಯುತ್ತದೆ. ಅಲ್ಲಿ ಹಂಡೆಯನ್ನು ಕೀಳಿಸಲು ನಮಗೆ ಕಾರಣ ಕಾಣುವುದಿಲ್ಲ. ಒಲೆಯ ಬಾಯಿ ಹೊರಗೋಡೆಯ ಕಡೆಗಿದ್ದು, ಹೊಗೆ ಹೋಗಲು ಕೊಳವೆಯಿದ್ದರಾಯಿತು. ಸೌದೆಯನ್ನು ಕೊಂಡು ತರುವ ಪಟ್ಟಣದಲ್ಲಿ, ಹೊಗೆ ಪಕ್ಕದ ಮನೆಯ ಕಿಟಕಿಗೆ ನುಗ್ಗುವ ಓಣಿಯಲ್ಲಿ, ಅದರ ಕಾಲ ಮುಗಿದಿದೆಯೆಂದೇ ಹೇಳಬೇಕು.

ಎಣ್ಣೆನೀರಿನ ಸ್ನಾನ ಷವರಿಗೆ ಒಗ್ಗುವುದಿಲ್ಲ. ಅಭ್ಯಂಜನದಲ್ಲಿ ಬೇಕಾದದ್ದು ತುಂತುರಲ್ಲ, ತಂಬಿಗೆಯಿಂದ ಒಮ್ಮೆಗೇ ಬೀಳುವ ಬಿಸಿನೀರಿನ ಭಾರ. ತುಂತುರು ಗಾಳಿಯಲ್ಲಿ ಬರುವಾಗಲೇ ಶಾಖವನ್ನು ಕಳೆದುಕೊಳ್ಳುತ್ತದೆ. ಬಾಣಂತಿಗಾಗಲಿ ಮಗುವಿಗಾಗಲಿ ನೀರು ಹಾಕುವವರು ಬೇರೆ, ಹಾಕಿಸಿಕೊಳ್ಳುವವರು ಬೇರೆ. ನೀರು ಹಾಕುವವರ ಕೈಗೆ ಹದ ತಿಳಿಯುತ್ತದೆ. ಗೋಡೆಯ ಷವರು ಒಂಟಿಯಾಗಿ ನಿಂತು ಸ್ನಾನ ಮಾಡಬಲ್ಲ ಶಕ್ತರಿಗಾಗಿ ಹುಟ್ಟಿದ ಸಾಧನ.

ಹಾಗಾದರೆ ಅಶಕ್ತರ ಗತಿಯೇನು? ನಮ್ಮ ಮನೆಯ ಪ್ರಶ್ನೆಯ ತಿರುಳು ಇದೇ ಆಗಿತ್ತು. 15 ಲೀಟರಿನ ತುಂಬಿದ ಬಕೆಟ್ಟೆಂದರೆ 15 ಕಿಲೋಗ್ರಾಂ ಭಾರ. ಅದನ್ನು ವೃದ್ಧರು ಎಳೆಯಬಾರದು. ಮಣೆಯ ಮೇಲೆ ಕುಳಿತರೆ ಮಂಡಿ ಏಳಗೊಡದು. ಹಾಗೆಂದು ಷವರಿನ ಕೆಳಗೆ ಒದ್ದೆಗಲ್ಲಿನ ಮೇಲೆ, ಸೋಪು ಕಣ್ಣಿಗಿಳಿದು ಕಣ್ಣುಮುಚ್ಚಿ, ಹಿಡಿಯಲು ಏನೂ ಇಲ್ಲದೆ ನಿಲ್ಲುವುದು ಹಂಡೆಗೆ ಬಾಗುವುದಕ್ಕಿಂತ ಸುರಕ್ಷಿತವೆಂದು ಯಾರು ಹೇಳಿಯಾರು? ಜಾರುವಿಕೆಗೆ ಕಾರಣ ಹಂಡೆಯಲ್ಲ. ನುಣುಪಾದ ನೆಲ, ಬಾಗುವಿಕೆ, ಆಸರೆಯ ಅಭಾವ. ಈ ಮೂರನ್ನು ಗೋಡೆಯ ಷವರು ಪರಿಹರಿಸುವುದಿಲ್ಲ. ಇಲ್ಲಿ ನಿಜವಾಗಿ ಒದಗುವುದು ಉದ್ದನೆಯ ಮೆತುಕೊಳವೆಯುಳ್ಳ ಕೈಷವರು. ಕುಳಿತವರ ಕೈಯಲ್ಲಿ ಅದು ನೆಲದಿಂದ ಒಂದು ಮೀಟರು ಎತ್ತರದಲ್ಲಷ್ಟೇ ಇರುವುದರಿಂದ, ಗೋಡೆಯ ಷವರಿಗಿಂತ ತೊಟ್ಟಿಯ ಒತ್ತಡವೂ ಹೆಚ್ಚು ಸಿಗುತ್ತದೆ. ಹಿಡಿಯಲ್ಲಿಯೇ ನೀರು ನಿಲ್ಲಿಸುವ ಗುಂಡಿಯಿದ್ದರೆ ತಂಬಿಗೆಯ ಮುಖ್ಯ ಗುಣವೇ ಅದಕ್ಕೆ ಬಂದಂತಾಯಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಸೂರ್ಯಶಾಖದ ನೀರು ಬಿಸಿಲು ಕಾಲದಲ್ಲಿ 60 ಡಿಗ್ರಿಯನ್ನು ಮೀರಬಲ್ಲುದು, ವೃದ್ಧರ ತೆಳುಚರ್ಮ ಅದನ್ನು ತಾಳದು. ಮೊದಲು ತಣ್ಣೀರನ್ನು ತೆರೆದು, ಬಳಿಕ ಬಿಸಿಯನ್ನು ಬೆರೆಸಿ, ಅಂಗೈಯಲ್ಲಿ ನೋಡಿಯೇ ಮೈಗೆ ಬಿಡಬೇಕು.

ನಮ್ಮ ಮನೆಯಲ್ಲಿ ಗೋಡೆ ಒಡೆಯುವ ಕೆಲಸವನ್ನು ಕೈಬಿಟ್ಟೆವು. ಒಡೆದಿದ್ದರೆ ಹೊಸ ಕೊಳವೆಗಳು, ಹೊಸ ಟೈಲುಗಳು, ಕೆಲವು ವರ್ಷಗಳ ಮೇಲೆ ಗೋಡೆಗೆ ಇಳಿಯುವ ತೇವ, ಇವೆಲ್ಲಕ್ಕೂ ಸಿದ್ಧರಿರಬೇಕಾಗಿತ್ತು. ಇದ್ದ ನಲ್ಲಿಗೇ ಕೈಷವರನ್ನು ಜೋಡಿಸಿ, ಬೆನ್ನಿಗೆ ಆನುವ ಗಟ್ಟಿಯಾದ ಆಸನವನ್ನಿರಿಸಿ, ಬಾಗಿಲಿನಿಂದ ಆಸನದವರೆಗೆ ಗೋಡೆಗೆ ಉಕ್ಕಿನ ಹಿಡಿಕೆಯನ್ನು ಬಿಗಿಸಿ, ಬಚ್ಚಲ ಕಲ್ಲನ್ನು ಉಳಿಯಿಂದ ಒರಟು ಮಾಡಿಸಿದೆವು. ಒಳಗಿನಿಂದ ಚಿಲಕ ಹಾಕಬಾರದೆಂಬ ನಿಯಮಕ್ಕೆ ತಾಯಿಯವರನ್ನು ಒಪ್ಪಿಸಲು ಹಿಡಿದ ಕಾಲ ಉಳಿದೆಲ್ಲ ಕೆಲಸಕ್ಕೂ ಹಿಡಿಯಲಿಲ್ಲ. ಕಿರಿಯರು ಬಕೆಟ್ಟಿನಲ್ಲಿಯೇ ಮುಂದುವರಿದಿದ್ದಾರೆ. ಅವರ ಅಸಮಾಧಾನವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹಂಡೆ ಹಿತ್ತಲ ಮಾಡಿನ ಕೆಳಗೆ ತನ್ನ ಒಲೆಯ ಮೇಲೆಯೇ ಇದೆ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬಕ್ಕೆ, ಅದನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಗೆರೆ ಬರೆದು, ಬಳ್ಳಿ ಸುತ್ತಿ ತುಂಬುತ್ತೇವೆ. ಮರುದಿನದ ಎಣ್ಣೆನೀರಿಗೆ ತಾಯಿಯವರು ಹೊಸ ಆಸನದಲ್ಲಿ ಕುಳಿತುಕೊಳ್ಳುತ್ತಾರೆ. ನೀರನ್ನು ತೋಡಿ ಹಾಕುವವರು ನಾವು.