ಬೋರ್ಡೋಕ್ಕೆ ಹೋಗಿ ಬಂದವರು ತಿಕೋಟಾಕ್ಕೂ ಬಂದರು

ಬೋರ್ಡೋ ಅಂದರೆ ನಮಗೆ ಊರಲ್ಲ, ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಡಿಕೆಯವರಿಗೂ ಗೊತ್ತು, ದ್ರಾಕ್ಷಿಯವರಿಗೂ ಗೊತ್ತು. ಆ ಹೆಸರಿನ ಊರು ಫ್ರಾನ್ಸಿನಲ್ಲಿದೆ. ಅದರ ಸುತ್ತಲ ದ್ರಾಕ್ಷಿ ಪಡ ನೋಡಲಿಕ್ಕೆ ದುಡ್ಡು ಕೊಟ್ಟು ಜನ ಬರುತ್ತಾರೆ. ಒಂದು ಕಾರು, ತಿಳಿದವನೊಬ್ಬ ಮಾರ್ಗದರ್ಶಿ, ಬೆಳಗ್ಗೆ ಒಂದು ತೋಟ, ಮಧ್ಯಾಹ್ನ ಊಟ, ಸಂಜೆಯೊಳಗೆ ಇನ್ನೊಂದೆರಡು ತೋಟ. ಅಷ್ಟಕ್ಕೇ ದಿನದ ಲೆಕ್ಕದಲ್ಲಿ ಫೀಸು.

ಇಂಥ ಪ್ರವಾಸ ಮಾಡಿ ಬಂದ ಬೆಂಗಳೂರಿನ ಗಂಡ-ಹೆಂಡತಿ ಇಬ್ಬರು ಕಳೆದ ಫೆಬ್ರುವರಿಯಲ್ಲಿ ನಮ್ಮ ಕಡೆ ಬಂದಿದ್ದರು. ನನ್ನ ಅಳಿಯನ ಆಫೀಸಿನವರು. ಗೋಳಗುಮ್ಮಟ ನೋಡಿ ಆಯಿತು, ಇನ್ನೊಂದು ದಿನ ಕೈಯಲ್ಲಿದೆ. "ಕಾಕಾ, ನಿಮ್ಮ ಕಡೆ ದ್ರಾಕ್ಷಿ ಬಹಳ ಅಂತಾರಲ್ಲ, ಅಲ್ಲಿ ತೋರಿಸಿದ ಹಾಗೆ ಇಲ್ಲಿ ತೋರಿಸುವವರು ಯಾರಾದರೂ ಇದ್ದಾರಾ?" ಎಂದು ಕೇಳಿದರು. ವಿಜಯಪುರದಲ್ಲಿ ಗುಮ್ಮಟ ತೋರಿಸುವವರು ಸಿಗುತ್ತಾರೆ. ಪಡ ತೋರಿಸುವವರು ನನ್ನ ಕಣ್ಣಿಗೆ ಬಿದ್ದಿಲ್ಲ. "ನಾನೇ ಬರ್ತೀನಿ ನಡೀರಿ" ಎಂದೆ.

ಆ ಒಂದು ದಿನದಲ್ಲಿ ಅವರು ಅಲ್ಲಿಯದನ್ನು ಹೇಳಿದರು, ನಾನು ಇಲ್ಲಿಯದನ್ನು ತೋರಿಸಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಹೊಳೆದದ್ದನ್ನು ಬರೆಯುತ್ತಿದ್ದೇನೆ.

ತೊರವಿಯಿಂದ ಸುರು

ಬೆಳಗ್ಗೆ ಏಳಕ್ಕೆ ಊರು ಬಿಟ್ಟೆವು. ತಿಕೋಟಾ ರಸ್ತೆಗೆ ಸಿಗುವ ಮೊದಲ ಹಳ್ಳಿ ತೊರವಿ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಕಟ್ಟಿಸಲು ಹೊರಟ ಜಾಗ. ಸಂಗೀತ ಮಹಲಿನ ಗೋಡೆಗಳು ಇನ್ನೂ ನಿಂತಿವೆ. ನಾನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಹಲಿನ ಮುಂದಲ್ಲ, ಸುರಂಗ ಬಾವಡಿಯ ಹತ್ತಿರ. ಆದಿಲ್‌ಶಾಹಿಯವರು ಇಲ್ಲಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ಒಯ್ದರು. ಮೇಲೆ ಸಾಲಾಗಿ ಕಾಣುವ ಬಾವಿಯಂಥ ಕಂಡಿಗಳು ಗಾಳಿ-ಬೆಳಕಿಗೆ, ಹೂಳು ತೆಗೆಯುವುದಕ್ಕೆ. ಪಂಪಿಲ್ಲ, ಕರೆಂಟಿಲ್ಲ, ಬರೇ ಇಳಿಜಾರು. ಸೇಂಟ್ ಎಮಿಲಿಯೋನ್ ಎಂಬ ಹಳೇ ವೈನಿನ ಊರಲ್ಲಿ ನೆಲದಡಿಯ ಸುಣ್ಣಕಲ್ಲಿನ ಗವಿಗಳಿಗೆ ಇಳಿಸಿ ತೋರಿಸಿದ್ದರಂತೆ. "ಅಲ್ಲಿ ಕಲ್ಲು ತೆಗೆದ ಗವಿ, ಇಲ್ಲಿ ನೀರಿನ ಗವಿ" ಎಂದರು ಆ ತಾಯಿ.

ನಮ್ಮ ದ್ರಾಕ್ಷಿಯ ಕತೆ ನೀರಿನಿಂದಲೇ ಹೇಳಬೇಕು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ನಂಬಿಕೆಯಿಲ್ಲದ್ದು. ಬೋರ್ಡೋದಲ್ಲಿ 900 ಮೀರಿ ಬೀಳುತ್ತದೆ. ಅಲ್ಲಿ ಹೆಸರುವಾಸಿ ತೋಟಗಳಲ್ಲಿ ಬಳ್ಳಿಗೆ ನೀರು ಬಿಡುವುದಕ್ಕೇ ಕಾನೂನಿನ ಕಟ್ಟುಪಾಡು ಇದೆ! ಇದನ್ನು ಕೇಳಿ ನಮ್ಮ ಜೀಪಿನ ಡ್ರೈವರ್ ನಕ್ಕುಬಿಟ್ಟ. ಬರಗಾಲದ ವರ್ಷ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿದವನು ಅವನು. ಈಗ ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೆ ಬಂದಿದೆ. ಕೆರೆ ತುಂಬಿದ ಕಡೆ ಕೊಳವೆಬಾವಿಗೂ ಉಸಿರು ಬಂತು.

ಬಳ್ಳಿಯ ಬುಡ ಎಲ್ಲಿಯದು?

ತಿಕೋಟಾ ದಾಟಿದ ಮೇಲೆ ಗೆಳೆಯರೊಬ್ಬರ ಪಡಕ್ಕೆ ಹೋದೆವು. ಗರಸು ಮಣ್ಣು, ಕಾಲಿಟ್ಟರೆ ಹರಳು ಚುಚ್ಚುತ್ತದೆ. ಬೋರ್ಡೋದ ಮೆದೋಕ್ ಭಾಗದ ನೆಲವೂ ಹರಳಿನದೇ. ನೀರು ನಿಲ್ಲದ ಬಡ ನೆಲವೇ ಬಳ್ಳಿಗೆ ಒಳ್ಳೆಯದು ಎಂದು ಅಲ್ಲಿಯ ಮಾರ್ಗದರ್ಶಿ ಮತ್ತೆ ಮತ್ತೆ ಹೇಳಿದನಂತೆ. ನಾವು ಇದೇ ನೆಲಕ್ಕೆ "ಏನೂ ಬೆಳೆಯದ ಹೊಲ" ಅನ್ನುತ್ತಿದ್ದೆವು.

ಬಳ್ಳಿಯ ಬುಡ ತೋರಿಸಿ ಕಸಿಯ ಗಂಟು ಮುಟ್ಟಿಸಿದೆ. ಕೆಳಗಿನದು ಡಾಗ್‌ರಿಡ್ಜ್, ಮೇಲಿನದು ಥಾಮ್ಸನ್ ಜಾತಿ. ಉಪ್ಪುನೀರು, ನೀರಿನ ಕೊರತೆ ಎರಡನ್ನೂ ತಡೆಯುತ್ತದೆ ಎಂದು ನಾವು ಡಾಗ್‌ರಿಡ್ಜ್ ಹಾಕುತ್ತೇವೆ. ಅದು ಅಮೆರಿಕದ ಟೆಕ್ಸಾಸಿನ ಕಾಡುಬಳ್ಳಿ. ಆರಿಸಿದವನು ಮನ್ಸನ್ ಎಂಬ ಗಿಡ ಬೆಳೆಸುವ ಮನುಷ್ಯ. 1860ರ ದಶಕದಲ್ಲಿ ಫ್ರಾನ್ಸಿನ ಬಳ್ಳಿಗಳ ಬೇರಿಗೆ ಫಿಲೋಕ್ಸೆರಾ ಎಂಬ ಹೇನು ಬಿದ್ದು ಪಡಗಳು ಒಣಗಿ ಹೋದವು. ಅಮೆರಿಕದ ಕಾಡುಬಳ್ಳಿಯ ಬುಡಕ್ಕೆ ಫ್ರೆಂಚ್ ಬಳ್ಳಿ ಕಸಿ ಕಟ್ಟಿದ ಮೇಲೆ ಉಳಿದವು. ಆ ಕೆಲಸಕ್ಕೆ ನೆರವಾದ ಮನ್ಸನ್‌ಗೆ 1888ರಲ್ಲಿ ಫ್ರಾನ್ಸ್ ಸರಕಾರ ಮರ್ಯಾದೆ ಮಾಡಿತು. ಅಂದರೆ ಅವರ ವೈನಿನ ಬುಡವೂ ಅಮೆರಿಕದ್ದೇ, ನಮ್ಮ ಒಣದ್ರಾಕ್ಷಿಯ ಬುಡವೂ ಅಮೆರಿಕದ್ದೇ.

ಬೋರ್ಡೋ ದ್ರಾವಣ ಹುಟ್ಟಿದ್ದೂ ಆ ಗದ್ದಲದಲ್ಲೇ. ಅಮೆರಿಕದ ಬಳ್ಳಿಗಳ ಜತೆ ಡೌನಿ ರೋಗವೂ ಬಂತು. ಮೆದೋಕ್‌ನಲ್ಲಿ ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆ ಬದಿಯ ಸಾಲುಗಳಿಗೆ ರೈತರು ಮೈಲುತುತ್ತ-ಸುಣ್ಣ ಕಲಸಿ ಚಿಮುಕಿಸುತ್ತಿದ್ದರು. ನೋಡಿದವರಿಗೆ ವಿಷ ಅನ್ನಿಸಬೇಕು, ಅಷ್ಟೇ ಉದ್ದೇಶ. 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕ ಆ ದಾರಿಯಲ್ಲಿ ಹೋಗುವಾಗ ನೋಡಿದರೆ ಒಳಗಿನ ಬಳ್ಳಿಯ ಎಲೆ ಉದುರಿವೆ, ರಸ್ತೆ ಬದಿಯವು ಹಸಿರಾಗಿವೆ. 1885ರ ಹೊತ್ತಿಗೆ ಔಷಧಿ ಸಿದ್ಧ. ಕಳ್ಳರ ಕಾಟಕ್ಕೆ ಹಾಕಿದ್ದು ರೋಗಕ್ಕೆ ಮದ್ದಾಯಿತು. ಬೋರ್ಡೋಕ್ಕೆ ಹೋಗಿ ಬಂದಿದ್ದರೂ ಆ ದಂಪತಿಗೆ ಈ ಕತೆ ಗೊತ್ತಿರಲಿಲ್ಲ. ವೈನ್ ತೋರಿಸುವವರಿಗೆ ಔಷಧಿಯ ಮಾತು ಬೇಡವೇನೋ!

ಅವರನ್ನು ಬಹಳ ಸೋಜಿಗಗೊಳಿಸಿದ್ದು ನಮ್ಮ ಎರಡು ಚಾಟಣಿ. ಅಲ್ಲಿ ಚಳಿಗಾಲಕ್ಕೆ ಬಳ್ಳಿ ತಾನೇ ಮಲಗುತ್ತದೆ, ವರ್ಷಕ್ಕೊಂದು ಕತ್ತರಿ. ಇಲ್ಲಿ ಬಳ್ಳಿ ಮಲಗುವುದೇ ಇಲ್ಲ, ನಾವು ಮಲಗಿಸಿ ಎಬ್ಬಿಸಬೇಕು. ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಂದು ಚಾಟಣಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು. ಕಣ್ಣು ಒಡೆಯಲಿಕ್ಕೆ ಹೈಡ್ರೋಜನ್ ಸಯನಮೈಡ್ ಹಚ್ಚುವುದು ಬೇರೆ. ಅಕ್ಟೋಬರ್-ನವೆಂಬರದಾಗ ಅಕಾಲ ಮಳೆ ಹಿಡಿಯಿತೋ, ಡೌನಿ ಬಂದು ಎರಡು ಚಾಟಣಿಯ ಖರ್ಚೂ ನೀರಲ್ಲಿ.

ಶೆಡ್ಡಿನೊಳಗೆ ಎರಡು ತಾಸು

ಅಲ್ಲಿ ನೆಲಮಾಳಿಗೆಯ ಪೀಪಾಯಿ ತೋರಿಸುತ್ತಾರೆ. ನಮ್ಮಲ್ಲಿ ಶೆಡ್. ಅರ್ಧ ತಾಸು ಸಾಕು ಅಂದುಕೊಂಡಿದ್ದೆ, ಎರಡು ತಾಸು ಆಯಿತು.

ಸಕ್ಕರೆ ಅಂಶ 22 ಬ್ರಿಕ್ಸ್ ದಾಟಿದ ಗೊನೆ ಕತ್ತರಿಸಿ ತರುತ್ತಾರೆ. ನೂರು ಲೀಟರ್ ನೀರಿಗೆ ಸುಮಾರು ಎರಡೂವರೆ ಕಿಲೋ ಪೊಟ್ಯಾಶಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ (ಈಥೈಲ್ ಓಲಿಯೇಟ್). ಅದರಲ್ಲಿ ಎರಡರಿಂದ ನಾಲ್ಕು ನಿಮಿಷ ಅದ್ದಿ, ನೆರಳಿನ ಶೆಡ್ಡಿನ ಬಲೆಯ ಅಂತಸ್ತುಗಳ ಮೇಲೆ ಹರವುತ್ತಾರೆ. ಯಾಕೆ ಅದ್ದಬೇಕು ಎಂದು ಕೇಳಿದರು. ಹಸಿ ಮಣಿಯ ಮೇಲೆ ಬೆರಳಾಡಿಸಿ ಬೂದಿಯಂಥ ಮೇಣ ತೋರಿಸಿದೆ. ಅದು ಒಳಗಿನ ನೀರನ್ನು ಹಿಡಿದಿಡುತ್ತದೆ. ದ್ರಾವಣ ಅದನ್ನು ಸಡಿಲಿಸಿದರೆ ಎರಡು ವಾರದಲ್ಲಿ ಒಣಗುತ್ತದೆ, ಇಲ್ಲವಾದರೆ ತಿಂಗಳು ಹಿಡಿದೀತು. ಮೂರನೆಯ ದಿನದ, ಏಳನೆಯ ದಿನದ, ಹನ್ನೆರಡನೆಯ ದಿನದ ಮಣಿ ಕೈಗೆ ಕೊಟ್ಟು ಒಂದೊಂದಾಗಿ ತಿನ್ನಿಸಿದೆವು. ಅಲ್ಲಿ ಬೇರೆ ಬೇರೆ ವರ್ಷದ ವೈನ್ ರುಚಿ ನೋಡಿಸುತ್ತಾರಂತೆ. ಏಳನೆಯ ದಿನದ್ದು, ಅರ್ಧ ಹಣ್ಣು ಅರ್ಧ ಮನೂಕ, ಅದು ಅವರಿಗೆ ಭಾಳ ಸೇರಿತು. ಅದನ್ನು ಪ್ಯಾಟಿಯಲ್ಲಿ ಯಾರೂ ಮಾರುವುದಿಲ್ಲ, ಇಡಲಿಕ್ಕೆ ಬರುವುದಿಲ್ಲ. ಶೆಡ್ಡಿಗೆ ಬಂದವರಿಗಷ್ಟೇ ಸಿಗುವ ರುಚಿ.

ಮಣಿ ಆರಿಸುತ್ತಿದ್ದ ಹೆಣ್ಣುಮಕ್ಕಳು ಸುಮ್ಮನಿರಲಿಲ್ಲ. "ಆ ದೇಶದಾಗ ಆಳಿನ ಪಗಾರ ಎಷ್ಟ್ರೀ?" ಎಂದು ಒಬ್ಬಾಕೆ ಕೇಳಿಯೇ ಬಿಟ್ಟಳು. ಉತ್ತರ ಕೇಳಿ ಎಲ್ಲರೂ ನಮ್ಮ ಗೆಳೆಯನ ಮಾರಿ ನೋಡಿದರು.

ಲೆಕ್ಕ ಹಾಕಿದ್ದೂ ಅಲ್ಲೇ. ಒಂದು ಬಾಟ್ಲಿ ವೈನಿಗೆ ಕಿಲೋ ಮೇಲೆ ಚೂರು ದ್ರಾಕ್ಷಿ ಬೇಕು. ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋ ಹಸಿ ದ್ರಾಕ್ಷಿ. ಅಂದರೆ ನಮ್ಮ ಒಂದು ಕಿಲೋದಲ್ಲಿ ಮೂರು ಬಾಟ್ಲಿಗೂ ಮಿಕ್ಕಿ ಹಣ್ಣಿದೆ. ಆ ಸಾಹೇಬರು ಒಂದು ಬಾಟ್ಲಿಗೆ ಅಲ್ಲಿ ಕೊಟ್ಟ ಬೆಲೆ ಹೇಳಿದರು. ಗೆಳೆಯ ಮಾತಾಡಲಿಲ್ಲ, ಎದ್ದು ಚಾ ಹೇಳಲು ಹೋದ.

ಹೆಸರು ಎಲ್ಲಿ ಹೋಯಿತು?

ಹೊರಡುವ ಮುಂದ ಆ ತಾಯಿ, "ನಿಮ್ಮದೇ ಹೆಸರಿನ ಪ್ಯಾಕೆಟ್ ಕೊಡಿ, ಊರಿನ ಹೆಸರು ಇರುವುದು" ಎಂದರು. ಅಲ್ಲಿ ಪ್ರತಿ ತೋಟದಲ್ಲೂ ಹಾಗೇ ಕೊಟ್ಟಿದ್ದರಂತೆ.

ಶೆಡ್ಡಿನಲ್ಲಿ ಇದ್ದದ್ದು ಬಾಕ್ಸುಗಳು. ಮಾಲು ನೂರು ಕಿಲೋಮೀಟರ್ ಮೀರಿದ ತಾಸಗಾಂವಕ್ಕೆ ಹೋಗುತ್ತದೆ, ಕೋಲ್ಡ್ ಸ್ಟೋರೇಜಿನಲ್ಲಿ ಕೂರುತ್ತದೆ, ಅಡತಿಯಲ್ಲಿ ಲಿಲಾವ ಆಗುತ್ತದೆ. ವಿಜಯಪುರದಲ್ಲೂ ಪ್ಯಾಟಿ ಇದೆ, ಆದರೂ ಬಹಳ ಮಂದಿಯ ಕಾಲು ತಾಸಗಾಂವದ ಕಡೆಗೇ. ತಿನ್ನುವವನ ಕೈಗೆ ಬರುವ ಹೊತ್ತಿಗೆ ತಿಕೋಟಾ ಎಂಬ ಅಕ್ಷರ ಎಲ್ಲೂ ಇರುವುದಿಲ್ಲ. ಸಾಂಗ್ಲಿ ಒಣದ್ರಾಕ್ಷಿಗೆ ಜಿ.ಐ. ಗುರುತು ಸಿಕ್ಕಿದೆ. ತಾಸಗಾಂವದವರು ಥಾಮ್ಸನ್‌ನಲ್ಲೇ ಆರಿಸಿದ ಒಂದು ಜಾತಿಗೆ ತಾಸ್-ಎ-ಗಣೇಶ ಎಂದು ಊರಿನ ಹೆಸರನ್ನೇ ಕೂಡಿಸಿಟ್ಟರು. ಅವರ ಮೇಲೆ ಹೊಟ್ಟೆಕಿಚ್ಚಲ್ಲ. ಅವರು ಮಾಡಿದ್ದು ಜಾಣತನ.

ಬೋರ್ಡೋದವರು ಇದನ್ನು ತೀರಾ ಹಿಂದೆಯೇ ತಿಳಿದಿದ್ದರು. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಮೆದೋಕ್‌ನ ತೋಟಗಳನ್ನು ಐದು ದರ್ಜೆಗೆ ಹಚ್ಚಿದರು. ಆ ಪಟ್ಟಿ ಇವತ್ತಿಗೂ ನಡೆಯುತ್ತದೆ. 1935ರಲ್ಲಿ ಊರ ಹೆಸರು ಕಾಯುವ ಕಾನೂನೇ ಬಂತು. ಗಡಿಯೊಳಗೆ ಬೆಳೆದದ್ದಕ್ಕೆ ಮಾತ್ರ ಆ ಹೆಸರು, ಎಕರೆಗೆ ಇಷ್ಟಕ್ಕಿಂತ ಹೆಚ್ಚು ಇಳುವರಿ ತೆಗೆಯಬಾರದು ಎಂದೂ ಕಟ್ಟಳೆ. ದೂರದ ಮಾತು ಬೇಡ, ನಮ್ಮದೇ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಜಿ.ಐ. ಬಂದಿದೆಯಲ್ಲ.

ಕೊನೆಗೆ ಹತ್ತು ಕಿಲೋ ಮನೂಕವನ್ನು ಬಿಳಿ ಚೀಲದಲ್ಲಿ ಕಟ್ಟಿಕೊಟ್ಟೆವು. ಅವರೇ ಪೆನ್ನು ತೆಗೆದು ಅದರ ಮೇಲೆ "ತಿಕೋಟಾ" ಎಂದು ಬರೆದುಕೊಂಡರು.

ಊಟಕ್ಕೆ ರೊಕ್ಕ ತಗೋಬೇಕೇ?

ಊಟ ನಮ್ಮ ಮನೆಯಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು. ಸಾಹೇಬರು ದುಡ್ಡು ತೆಗೆದರು. ನಮ್ಮವ್ವಗೆ ಸಿಟ್ಟೇ ಬಂತು. "ಉಂಡದ್ದಕ್ಕ ರೊಕ್ಕ ತಗೊಂಡ್ರ ಮಂದಿ ಏನಂದಾರು? ಇದೇನ್ ಖಾನಾವಳಿ ಏನ?" ಸಾಹೇಬರು ಬಿಡಲಿಲ್ಲ: "ಅವ್ವಾರ, ಅಲ್ಲಿ ಕೊಟ್ಟೀವಿ, ಇಲ್ಲಿ ಕೊಡದಿದ್ದರೆ ಮುಂದಿನ ಸಲ ನಾವು ಹೇಗೆ ಬರೋದು?"

ಎರಡೂ ಖರೇ. ಬೀಗರನ್ನು ಉಣ್ಣಿಸಿ ರೊಕ್ಕ ಕೇಳುವವರು ನಾವಲ್ಲ. ಆದರೆ ವರ್ಷಕ್ಕೆ ಇಪ್ಪತ್ತು ಸಲ ಇಂಥ ಬೀಗರು ಬಂದರೆ ಸಣ್ಣ ರೈತನ ಮನೆ ತಡೆಯುವುದಿಲ್ಲ. ಅರ್ಧ ತಾಸು ಚರ್ಚೆಯಾಗಿ ಅವ್ವನೇ ತೀರ್ಪು ಕೊಟ್ಟಳು. ಊಟಕ್ಕೆ ಇಲ್ಲ, ತಿರುಗಾಡಿಸಿದ್ದಕ್ಕೆ ತಗೋ, ಮಾಲಿಗೆ ತಗೋ. ಹಾಗೇ ಮಾಡಿದೆ. ಮನೂಕಕ್ಕೆ ತಾಸಗಾಂವದ ದರಕ್ಕಿಂತ ಹೆಚ್ಚು ಹಿಡಿದೆ. ದಲಾಲಿ ಇಲ್ಲ, ಬಾಡಿಗೆ ಇಲ್ಲ.

ಮಧ್ಯಾಹ್ನ ಮೇಲೆ ಬಬಲೇಶ್ವರದ ಕಡೆ ಹೋದೆವು. ತುಂಬಿದ ಕೆರೆ, ಮಂಟಪದ ಹಳೇ ಪಡ, ಪಕ್ಕದಲ್ಲೇ ವೈ ಆಕಾರದ ಕಂಬಗಳ ಹೊಸ ಪಡ. ಸಾಲಿನ ತುದಿಗೆ ಗುಲಾಬಿ ಯಾಕಿಲ್ಲ ಎಂದು ಕೇಳಿದರು. ಫ್ರಾನ್ಸಿನಲ್ಲಿ ಹಾಗೆ ನೆಡುತ್ತಾರೆ. ಬೂದಿರೋಗ ಮೊದಲು ಗುಲಾಬಿಗೆ ಕಾಣುತ್ತದೆ, ರೈತ ಎಚ್ಚರಾಗುತ್ತಾನೆ ಎಂಬ ಲೆಕ್ಕ. ಖರ್ಚಿಲ್ಲದ ಉಪಾಯ, ಅಲ್ಲಿಯ ರೈತರೊಬ್ಬರು ಕೂಡಲೇ ಮನಸ್ಸಿಗೆ ಹಚ್ಚಿಕೊಂಡರು.

ವೈನ್ ಮಾಡಬಾರದೇ?

ಇದನ್ನು ಬಹಳ ಮಂದಿ ಕೇಳುತ್ತಾರೆ. ರಾಜ್ಯ ಸರಕಾರ 2007ರಲ್ಲಿ ವೈನ್ ನೀತಿ ತಂದಿತು. ನಂದಿ ಬೆಟ್ಟದ ಹತ್ತಿರ ಗ್ರೋವರ್ ತೋಟ 1980ರ ದಶಕದಿಂದಲೇ ಇದೆ. ನಾಸಿಕದ ಸುಲಾ, ನಮಗೆ ಹತ್ತಿರದ ಅಕಲೂಜದ ಫ್ರಾಟೆಲಿ ಪಡ ತೋರಿಸಿ, ರುಚಿ ನೋಡಿಸಿ ವ್ಯಾಪಾರ ಮಾಡುತ್ತಾರೆ. ಆದರೆ ವೈನಿಗೆ ಜಾತಿಯೇ ಬೇರೆ: ಸಣ್ಣ ಮಣಿ, ಬೀಜ ಇರುವಂಥದು. ಅಬಕಾರಿ ಪರವಾನಗಿ, ಉಕ್ಕಿನ ಟಾಕಿ, ತಂಪು ಕೋಣೆ ಎಲ್ಲ ಬೇಕು. ಎರಡು ಎಕರೆಯವನ ಕೈಗೆಟುಕುವ ಮಾತಲ್ಲ. ಥಾಮ್ಸನ್ ಕಿತ್ತು ವೈನ್ ಜಾತಿ ಹಾಕುವುದಾದರೆ ಕೊಳ್ಳುವವರ ಜತೆ ಬರೆದ ಕರಾರು ಮೊದಲು ಕೈಯಲ್ಲಿರಬೇಕು. ನಮಗೆ ಶೆಡ್ಡೇ ಸಾಕು.

ಯಾರಾದರೂ ಮಾಡುವುದಿದ್ದರೆ ಒಂದೆರಡು ಮಾತು. ಕಾಲ ಫೆಬ್ರುವರಿ, ಮಾರ್ಚ್. ಆಗಲೇ ಹಣ್ಣೂ ಇರುತ್ತದೆ, ಶೆಡ್ಡೂ ತುಂಬಿರುತ್ತದೆ. ಸಿಂಪರಣೆ ಮಾಡಿದ ಪಡದೊಳಗೆ ಜನರನ್ನು ಬಿಡಬೇಡಿ, ಹಣ್ಣು ಕಿತ್ತು ತಿನ್ನಲು ಬಿಡಲೇಬೇಡಿ. ಗಂಧಕದ ಹೊಗೆ ಕೊಡುವ ದಿನವೂ ಬೇಡ. ಸ್ವಚ್ಛ ಸಂಡಾಸು, ಕುಡಿಯುವ ನೀರು ಇಲ್ಲದೆ ಯಾರನ್ನೂ ಕರೆಯಬಾರದು. ದಿನಕ್ಕೊಂದೇ ಕಾರು, ಹೆಚ್ಚಾದರೆ ಕೆಲಸ ಕೆಡುತ್ತದೆ. ಪ್ಯಾಕೆಟ್ ಮಾಡಿ ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ. ಮಹಾರಾಷ್ಟ್ರದಲ್ಲಿ 2020ರಲ್ಲೇ ಕೃಷಿ ಪ್ರವಾಸಕ್ಕೊಂದು ನೀತಿ ಬಂದಿದೆ. ಅಲ್ಲಿಯ ರೈತರು ಹೇಗೆ ನಡೆಸುತ್ತಾರೆ ಎಂದು ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು.

ಈ ಸಲ ತಿಕೋಟಾದ ಇಬ್ಬರು, ಬಬಲೇಶ್ವರದ ಒಬ್ಬರು ಶೆಡ್ ತೋರಿಸಲು ಒಪ್ಪಿದ್ದಾರೆ. ಅರ್ಧ ಕಿಲೋ ಪ್ಯಾಕೆಟ್ ಮಾಡೋಣ ಎಂದೂ ಆಗಿದೆ. ಅದರ ಮೇಲೆ ಯಾವ ಊರಿನ ಹೆಸರು ಹಾಕುವುದು ಎಂಬಲ್ಲಿ ಮಾತು ನಿಂತಿದೆ. ತಿಕೋಟಾದವರು ತಿಕೋಟಾ ಅಂತಾರೆ, ಬಬಲೇಶ್ವರದವರು ಬಬಲೇಶ್ವರ ಅಂತಾರೆ. ಅಕ್ಟೋಬರ್ ಚಾಟಣಿ ಮುಗಿದ ಮೇಲೆ ಮತ್ತೆ ಕೂಡುವುದು ಎಂದು ಎದ್ದಿದ್ದೇವೆ.